ಪ್ರೊಜೆಕ್ಟರ್ ಯಾರದು, ಬೀಗ ಯಾರದು?

ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ್ದರಿಂದ ಕುಷ್ಟಗಿಗೆ ನಯಾಪೈಸೆ ಲಾಭವಿಲ್ಲ. 2025ರ ಸೆಪ್ಟೆಂಬರ್ 12ರಂದು ಸರ್ಕಾರ ಅಧಿಸೂಚನೆ ಹೊರಡಿಸಿತು, 23ರಂದು ಹೈಕೋರ್ಟ್ ತಡೆ ಕೊಟ್ಟಿತು. ಕನ್ನಡ ಚಿತ್ರರಂಗದ ಹಣಕಾಸೆಲ್ಲ ಈ ಒಂದು ಅಂಕಿಯ ಮೇಲೇ ನಿಂತಿದೆ ಎನ್ನುವಂತೆ ಅಲ್ಲಿಂದೀಚೆಗೆ ವಾದಗಳು ನಡೆದಿವೆ. ಅದು ಬೆಂಗಳೂರಿನ ಮಾಲ್‌ಗಳ ಜಗಳ. ಕುಷ್ಟಗಿ, ಯಲಬುರ್ಗಾದಂಥ ಊರಿನ ಟಾಕೀಸುಗಳಲ್ಲಿ ಟಿಕೆಟ್ ಆ ಮಿತಿಯ ಹತ್ತಿರ ಸುಳಿಯುವುದೇ ಅಪರೂಪ. ಈ ಕಡೆಗೆ ತಟ್ಟುವ ಗೆರೆ 100 ರೂಪಾಯಿಯದು. ಅದರೊಳಗಿನ ಟಿಕೆಟ್‌ಗೆ ಅದೇ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದನ್ನು ಚರ್ಚಿಸುವ ಪುರುಸೊತ್ತು ಯಾರಿಗೂ ಇದ್ದಂತಿಲ್ಲ.

ಇರಲಿ, ಟಿಕೆಟ್ ಮಾತು ಅಲ್ಲಿಗೆ ಬಿಡೋಣ. ಏಕಪರದೆ ಟಾಕೀಸಿನ ಹಣೆಬರಹ ತೀರ್ಮಾನವಾಗುವುದು ಬುಕಿಂಗ್ ಕಿಟಕಿಯಲ್ಲಿ ಅಲ್ಲವೇ ಅಲ್ಲ, ಮೇಲಿನ ಕ್ಯಾಬಿನ್ನಿನಲ್ಲಿ. ಅದನ್ನು ಕಾಗದದ ಮೇಲೆ ದಾಖಲಿಸಿದ್ದು ಭಾರತೀಯ ಸ್ಪರ್ಧಾ ಆಯೋಗ, 2025ರ ಏಪ್ರಿಲ್‌ನಲ್ಲಿ. ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳಾದ ಯುಎಫ್‌ಒ ಮತ್ತು ಅದರ ಅಂಗಸಂಸ್ಥೆ ಸ್ಕ್ರಾಬಲ್‌ಗೆ ಸುಮಾರು 1.04 ಕೋಟಿ, ಚೆನ್ನೈನ ಕ್ಯೂಬ್‌ಗೆ ಸುಮಾರು 1.66 ಕೋಟಿ ರೂಪಾಯಿ ದಂಡ. ತಪ್ಪು ಏನೆಂದರೆ, ಪ್ರೊಜೆಕ್ಟರನ್ನೂ ಸರ್ವರನ್ನೂ ಟಾಕೀಸಿಗೆ ಬಾಡಿಗೆಗೆ ಕೊಟ್ಟು, ಅದರಲ್ಲಿ ಓಡುವ ಚಿತ್ರವೂ ತಮ್ಮ ಮೂಲಕವೇ ಬರಬೇಕು ಎಂದು ಕರಾರಿನಲ್ಲಿ ಕಟ್ಟಿಹಾಕಿದ್ದು. ಟ್ರ್ಯಾಕ್ಟರ್ ಬಾಡಿಗೆಗೆ ಕೊಟ್ಟವನು ಡೀಸೆಲ್ ಕೂಡ ತನ್ನ ಬಂಕಿನಲ್ಲೇ ಹಾಕಿಸು ಅಂದ ಹಾಗೆ. ದಂಡದ ಮೊತ್ತ ಈ ವ್ಯವಹಾರದ ಗಾತ್ರಕ್ಕೆ ಚಿಲ್ಲರೆ. ಆದರೆ ಮೇಲಿನ ಮೆಟ್ಟಿಲುಗಳಲ್ಲಿ ಮೊಕದ್ದಮೆ ಏನೇ ಆಗಲಿ, ಆಯೋಗ ಬೊಟ್ಟು ಮಾಡಿದ ಕರಾರು ಮಾತ್ರ ಕಣ್ಣೆದುರೇ ಇದೆ. ಅದರ ಮೇಲೆ ಗಾಂಧಿನಗರದಲ್ಲಿ ಒಂದು ಗಟ್ಟಿ ಚರ್ಚೆಯನ್ನೂ ನಾನು ಕೇಳಿಲ್ಲ.

ರೀಲು ಡಬ್ಬಿಗಳಲ್ಲಿ ಬರುತ್ತಿದ್ದ ಕಾಲದಲ್ಲಿ ಪ್ರೊಜೆಕ್ಟರ್ ಮಾಲೀಕನದೇ ಆಗಿತ್ತು. ಡಬ್ಬಿ ಕೈಗೆ ಬಂದರೆ ಆಟ ಶುರು. ಈಗ ಚಿತ್ರ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬಂದು ಸರ್ವರಿನಲ್ಲಿ ಕೂತಿದ್ದರೂ ಸಾಲದು. ಕೆಡಿಎಂ ಎನ್ನುವ ಬೀಗದಕೈ ಬರಬೇಕು. ಅದು ಆ ಒಂದು ಸರ್ವರಿಗೆ, ಇಂಥ ದಿನದ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮಾತ್ರ ಹೊಂದುತ್ತದೆ. ಶುಕ್ರವಾರ ಬೆಳಗಿನ ಆಟಕ್ಕೆ ಜನ ಒಳಗೆ ಸೀಟಿ ಹೊಡೆಯುತ್ತಿದ್ದರೂ ಕೀ ಬಾರದೆ ಆಪರೇಟರ್ ಏನೂ ಮಾಡಲಾರ. ಬೈಗುಳವೆಲ್ಲ ಅವನ ಪಾಲಿಗೆ. ಪೈರಸಿ ತಡೆಯಲು ಕೀ ಬೇಕು, ಒಪ್ಪೋಣ. ಆದರೆ ಯಂತ್ರದ ಒಡೆಯನೇ ಚಿತ್ರ ಬರುವ ದಾರಿಯನ್ನೂ ಕಾಯುತ್ತ ಕೂತರೆ ಚೌಕಾಸಿ ಮಾಡುವುದು ಯಾರೊಂದಿಗೆ?

ಈ ಒಂದೇ ಯಂತ್ರ ಮೂರು ಕಡೆಯಿಂದ ದುಡಿಯುತ್ತದೆ. ಟಾಕೀಸಿನಿಂದ ಬಾಡಿಗೆ, ನಿರ್ಮಾಪಕನಿಂದ ವಿಪಿಎಫ್ (ವರ್ಚುವಲ್ ಪ್ರಿಂಟ್ ಫೀ) ಎನ್ನುವ ಡಿಜಿಟಲ್ ಪ್ರದರ್ಶನ ಶುಲ್ಕ, ಮಧ್ಯಂತರದಲ್ಲಿ ಜಾಹೀರಾತು. ಹಾಲಿವುಡ್‌ನಲ್ಲೂ ವಿಪಿಎಫ್ ಇತ್ತು. ಆದರೆ ಅಲ್ಲಿ ಅದು ಹೊಸ ಯಂತ್ರದ ಬಂಡವಾಳ ತೀರಿಸಲು ಸುಮಾರು ಹತ್ತು ವರ್ಷದ ಅವಧಿಗೆ ಮಾಡಿದ ಏರ್ಪಾಡು. ಸಾಲ ತೀರಿತು, ಶುಲ್ಕವೂ ನಿಂತಿತು. ನಮ್ಮಲ್ಲಿ ಡಿಜಿಟಲ್ ಪರದೆ ಬಂದು ಎರಡು ದಶಕವಾಯಿತು. ನಿರ್ಮಾಪಕ ಇನ್ನೂ ಕಟ್ಟುತ್ತಿದ್ದಾನೆ. 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಇದರ ವಿರುದ್ಧ ಎದ್ದರು. ತಮಿಳಿನವರಂತೂ ಒಂದೂವರೆ ತಿಂಗಳು ಹೊಸ ಚಿತ್ರ ಬಿಡಲಿಲ್ಲ. ಆ ಜಗಳ ದರ ಎಷ್ಟು ಎನ್ನುವಲ್ಲಿಗೇ ನಿಂತಿತು. ಎಲ್ಲಿಯವರೆಗೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಈ ಪ್ರಶ್ನೆಯನ್ನು ಈಗಲೇ ಎತ್ತಲು ಕಾರಣ ಲೇಸರ್ ಪ್ರೊಜೆಕ್ಟರ್. ದಿನಕ್ಕೆ ನಾಲ್ಕು ಆಟ ಅಂದರೆ ಪ್ರೊಜೆಕ್ಟರ್ ಸುಮಾರು ಹತ್ತು ಗಂಟೆ ಉರಿಯುತ್ತದೆ. 1000 ಗಂಟೆ ಬಾಳುವ ಝೆನಾನ್ ಲ್ಯಾಂಪ್ ನೂರು ದಿನಕ್ಕೆ ಮುಗಿಯಿತು. ಹೊಸದಕ್ಕೆ ಕಾಸಿಲ್ಲದ ಟಾಕೀಸು ಹಳೆಯದನ್ನೇ ಎಳೆದಾಡುತ್ತದೆ. ಪರದೆ ಮೇಲೆ 14 ಫುಟ್‌ಲ್ಯಾಂಬರ್ಟ್ ಬೆಳಕು ಬೀಳಬೇಕೆಂಬ ನಿಯಮ ಪುಸ್ತಕದಲ್ಲೇ ಉಳಿದು, ಕೆ.ಜಿ.ಎಫ್. ಥರದ ಮಸಿಬಣ್ಣದ ಚಿತ್ರದಲ್ಲಿ ಯಾರು ಯಾರನ್ನು ಹೊಡೆದರೋ ತಿಳಿಯುವುದಿಲ್ಲ. ಲೇಸರ್ ಫಾಸ್ಫರ್ ಪ್ರೊಜೆಕ್ಟರ್ 20,000 ಗಂಟೆಯವರೆಗೆ ಎಳೆಯುತ್ತದೆ, ಅಂದರೆ ಐದು ವರ್ಷದ ಮೇಲೆ. ಅಷ್ಟು ಓಡಿದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಹಾಗಾಗಿ ಝೆನಾನ್‌ನಿಂದ ಲೇಸರ್‌ಗೆ ಬದಲಾಯಿಸಲೇಬೇಕು. ಆದರೆ ಹೊಸ ಯಂತ್ರದ ಜೊತೆ ಹೊಸ ಕರಾರೂ ಬರುತ್ತದೆ. ಇವತ್ತು ಹಾಕುವ ಸಹಿ ಮುಂದಿನ ಹಲವು ವರ್ಷ ಕಟ್ಟಿಹಾಕುತ್ತದೆ.

ಬ್ಯಾಂಕುಗಳು ಟಾಕೀಸಿನ ಹೆಸರು ಕೇಳಿದರೆ ಬಾಗಿಲು ಹಾಕುತ್ತಿದ್ದಾಗ ದುಡ್ಡು ಹಾಕಿದ್ದು ಇದೇ ಕಂಪನಿಗಳು ಎನ್ನುವವರಿದ್ದಾರೆ. ನಿಜ. ಅವರಿಲ್ಲದಿದ್ದರೆ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಕುಷ್ಟಗಿಯಲ್ಲಿ ಚಿತ್ರ ನೋಡುವುದು ಕನಸಾಗಿತ್ತು. ಹಾಕಿದ ದುಡ್ಡಿಗೆ ಲಾಭ ಬರಲಿ, ಆದರೆ ಅದಕ್ಕೊಂದು ಕೊನೆಯ ತಾರೀಖೂ ಇರಲಿ.

ರಾಜ್ಯದ 2025ರ ಬಜೆಟ್‌ನಲ್ಲಿ ಚಿತ್ರರಂಗಕ್ಕೆ ಉದ್ಯಮದ ಸ್ಥಾನ ಘೋಷಣೆಯಾಯಿತು. ಅದಕ್ಕೆ ಅರ್ಥ ಬರಬೇಕಾದರೆ ತಾಲ್ಲೂಕಿನ ಮಾಲೀಕ ತನ್ನ ಹೆಸರಿನಲ್ಲೇ ಲೇಸರ್ ಪ್ರೊಜೆಕ್ಟರ್ ಕೊಳ್ಳಲು ಸಹಾಯಧನ ಸಿಗಬೇಕು, ಬಾಡಿಗೆ ಯಂತ್ರಕ್ಕೆ ಬಿಡಿಗಾಸೂ ಸಲ್ಲಬಾರದು. ಹೊಸ ಕಾನೂನೂ ಬೇಡ. 200 ರೂಪಾಯಿಯ ಮಿತಿ ಬಂದದ್ದು 1964ರ ಸಿನಿಮಾ ನಿಯಂತ್ರಣ ಕಾಯ್ದೆಯಡಿಯ ನಿಯಮಗಳಿಗೆ ತಿದ್ದುಪಡಿ ತಂದು. ಅದೇ ನಿಯಮಗಳಲ್ಲಿ ಇನ್ನೊಂದು ಸಾಲು ಸೇರಿಸಲಿ: ಪರವಾನಗಿ ನವೀಕರಣದ ಕಡತದಲ್ಲಿ ಅಗ್ನಿಶಾಮಕದ ಕಾಗದದ ಜೊತೆ ಪ್ರೊಜೆಕ್ಟರ್ ಕರಾರಿನ ಪ್ರತಿ, ಅದು ಮುಗಿಯುವ ದಿನಾಂಕ, ಪರದೆಯ ಬೆಳಕಿನ ಅಳತೆ ಮೂರೂ ಇರಬೇಕು.