13 ಪಂದ್ಯಗಳ ಐಎಸ್‌ಎಲ್: ಒಂದು ಗೋಲಿನ ಸೋಲನ್ನು ಸರಿದೂಗಿಸಲು ಈ ಬಾರಿ ಸಮಯವೇ ಇಲ್ಲ

ತಿಂಗಳುಗಟ್ಟಲೆ ಅನಿಶ್ಚಿತತೆಯ ಬಳಿಕ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೆಬ್ರುವರಿ 14ರಂದು ಆರಂಭವಾಗಲಿದೆ ಎಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಜನವರಿ 6ರಂದು ಘೋಷಿಸಿದಾಗ ಫುಟ್‌ಬಾಲ್ ಅಭಿಮಾನಿಗಳು ನಿಟ್ಟುಸಿರು ಬಿಟ್ಟರು. 14 ಕ್ಲಬ್‌ಗಳೂ ಆಡಲಿವೆ ಎಂಬುದು ಸಮಾಧಾನದ ಸಂಗತಿ. ಆದರೆ ಘೋಷಣೆಯ ಜತೆಗೇ ಬಂದ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಯಾಗಲಿಲ್ಲ. ಈ ಬಾರಿ ನಡೆಯುವುದು ಒಟ್ಟು 91 ಪಂದ್ಯಗಳು ಮಾತ್ರ. ಅಂದರೆ ಪ್ರತಿ ತಂಡ ಉಳಿದ 13 ತಂಡಗಳ ವಿರುದ್ಧ ತಲಾ ಒಂದೇ ಬಾರಿ ಸೆಣಸಲಿದೆ.

2024-25ರ ಋತುವಿನಲ್ಲಿ ಪ್ರತಿ ತಂಡಕ್ಕೆ ಲೀಗ್ ಹಂತದಲ್ಲೇ 24 ಪಂದ್ಯಗಳಿದ್ದವು. ಅದೀಗ 13ಕ್ಕೆ ಇಳಿದಿದೆ. ಮೇಲ್ನೋಟಕ್ಕೆ ಇದು ವೇಳಾಪಟ್ಟಿಯ ವಿಷಯದಂತೆ ಕಾಣುತ್ತದೆ. ವಾಸ್ತವದಲ್ಲಿ ಲೀಗ್‌ನ ಅಂಕಪಟ್ಟಿ ರೂಪುಗೊಳ್ಳುವ ಬಗೆಯೇ ಇದರಿಂದ ಬದಲಾಗಲಿದೆ. ಫುಟ್‌ಬಾಲ್‌ನಲ್ಲಿ ಬಹಳಷ್ಟು ಪಂದ್ಯಗಳು ನಿರ್ಧಾರವಾಗುವುದು ಒಂದೇ ಗೋಲಿನಿಂದ. ಹಾಗೆ ಕೂದಲೆಳೆ ಅಂತರದಲ್ಲಿ ಕೈತಪ್ಪಿದ ಅಂಕಗಳು ದೀರ್ಘ ಋತುವಿನಲ್ಲಿ ಮುಂದೆಲ್ಲೋ ಮರಳಿ ಸಿಗುವ ಅವಕಾಶವಿರುತ್ತದೆ. 13 ಪಂದ್ಯಗಳಲ್ಲಿ ಆ ಅವಕಾಶ ತೀರಾ ಕಡಿಮೆ.

ಇದನ್ನು ಅರಿಯಲು ಬೆಂಗಳೂರು ಎಫ್‌ಸಿ ತಂಡದ 2022-23ರ ಋತುವಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಎಂಟು ಸೋಲು, ಎಂಟು ಗೆಲುವು

ಆ ಋತುವಿನ ಮೊದಲ 12 ಪಂದ್ಯಗಳಲ್ಲಿ ಬೆಂಗಳೂರು ಗೆದ್ದಿದ್ದು ಮೂರು, ಡ್ರಾ ಮಾಡಿಕೊಂಡಿದ್ದು ಒಂದು, ಸೋತಿದ್ದು ಬರೋಬ್ಬರಿ ಎಂಟು. ಖಾತೆಯಲ್ಲಿದ್ದದ್ದು 10 ಅಂಕ. ಡುರಾಂಡ್ ಕಪ್ ಗೆದ್ದು ಋತು ಆರಂಭಿಸಿದ್ದ ತಂಡದ ಕತೆ ಮುಗಿಯಿತು ಎಂದೇ ಬಹುತೇಕರು ಭಾವಿಸಿದ್ದರು.

ಆದರೆ ಆ ಎಂಟು ಸೋಲುಗಳನ್ನು ಬಿಡಿಸಿ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಮುಂಬೈ ಸಿಟಿ ವಿರುದ್ಧ 0-4 ಮತ್ತು ಹೈದರಾಬಾದ್ ವಿರುದ್ಧ 0-3, ಇವೆರಡು ಹೀನಾಯ ಸೋಲುಗಳು. ಉಳಿದ ಆರೂ ಒಂದೇ ಗೋಲಿನ ಅಂತರದವು. ಹೈದರಾಬಾದ್, ಒಡಿಶಾ, ಈಸ್ಟ್ ಬೆಂಗಾಲ್, ಎಟಿಕೆ ಮೋಹನ್ ಬಾಗಾನ್ ವಿರುದ್ಧ ತಲಾ 0-1, ಕೇರಳ ಬ್ಲಾಸ್ಟರ್ಸ್ ವಿರುದ್ಧ 2-3, ಮತ್ತೆ ಈಸ್ಟ್ ಬೆಂಗಾಲ್ ವಿರುದ್ಧ 1-2. ಕೊನೆಯ ಆ ಸೋಲಂತೂ ಇಂಜುರಿ ಟೈಮ್‌ನಲ್ಲಿ ಕ್ಲೈಟನ್ ಸಿಲ್ವಾ ಹೊಡೆದ ಫ್ರೀ ಕಿಕ್‌ನಿಂದ ಬಂದದ್ದು. ಆರೂ ಪಂದ್ಯಗಳಲ್ಲಿ ಇನ್ನೊಂದು ಗೋಲು ಬಂದಿದ್ದರೆ ತಂಡದ ಬಳಿ 10ರ ಬದಲು 16 ಅಂಕಗಳಿರುತ್ತಿದ್ದವು.

ಮುಂದಿನ ಪಂದ್ಯದಲ್ಲೇ ಚಕ್ರ ತಿರುಗಿತು. ಗುವಾಹಟಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 1-1ರಲ್ಲಿ ಮುಗಿಯಬೇಕಿದ್ದ ಪಂದ್ಯವನ್ನು ಡಿಫೆಂಡರ್ ಅಲನ್ ಕೋಸ್ಟಾ ಇಂಜುರಿ ಟೈಮ್‌ನಲ್ಲಿ ಗೋಲು ಬಾರಿಸಿ ಗೆಲ್ಲಿಸಿದರು. ಅಲ್ಲಿಂದ ಶುರುವಾದ ಗೆಲುವಿನ ಓಟ ಸತತ ಎಂಟು ಪಂದ್ಯಗಳವರೆಗೆ ಸಾಗಿತು. ಅವುಗಳಲ್ಲಿ ನಾಲ್ಕು ಒಂದು ಗೋಲಿನ ಗೆಲುವುಗಳು: ನಾರ್ತ್‌ಈಸ್ಟ್ ವಿರುದ್ಧ 2-1, ಎಟಿಕೆ ಮೋಹನ್ ಬಾಗಾನ್ ವಿರುದ್ಧ 2-1, ಕೇರಳ ವಿರುದ್ಧ 1-0 ಹಾಗೂ ಅದುವರೆಗೆ 18 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಮುಂಬೈ ಸಿಟಿ ವಿರುದ್ಧ 2-1.

ಇಡೀ ಋತುವಿನ ಲೆಕ್ಕ ಹಾಕಿದರೆ 20 ಪಂದ್ಯಗಳಲ್ಲಿ 12 ಪಂದ್ಯಗಳು ಒಂದು ಗೋಲಿನ ಅಂತರದಲ್ಲಿ ತೀರ್ಮಾನವಾದವು. ಅವುಗಳಲ್ಲಿ ಬೆಂಗಳೂರು ಗೆದ್ದದ್ದು ಆರು, ಸೋತದ್ದು ಆರು. ತಕ್ಕಡಿ ಸರಿಸಮವಾಯಿತು. ತಂಡ 34 ಅಂಕಗಳೊಂದಿಗೆ ನಾಲ್ಕನೇ ಸ್ಥಾನ ಪಡೆದು ಪ್ಲೇಆಫ್ ತಲುಪಿತು, ಅಲ್ಲಿಂದ ಫೈನಲ್‌ಗೂ ಹೋಯಿತು.

ಈಗ ಅದೇ ಋತುವನ್ನು 13 ಪಂದ್ಯಗಳಿಗೆ ನಿಲ್ಲಿಸಿ ನೋಡಿ. ನಾಲ್ಕು ಗೆಲುವು, ಒಂದು ಡ್ರಾ, ಎಂಟು ಸೋಲು, 13 ಅಂಕ. ಅದೇ ಆಟಗಾರರು, ಅದೇ ಕೋಚ್. ಆದರೆ ದಾಖಲೆಯಲ್ಲಿ ಉಳಿಯುತ್ತಿದ್ದದ್ದು ಒಂದು ವಿಫಲ ತಂಡದ ಹೆಸರು.

ಎಲ್ಲವೂ ಅದೃಷ್ಟವೇ?

ಹಾಗೆಂದು ಒಂದು ಗೋಲಿನ ಫಲಿತಾಂಶಗಳೆಲ್ಲ ನಾಣ್ಯ ಚಿಮ್ಮಿದಂತೆ ಎನ್ನುವುದು ತಪ್ಪಾಗುತ್ತದೆ. ಬೆಂಗಳೂರು ತಂಡದ ಚೇತರಿಕೆಗೆ ಆಟದೊಳಗಿನ ಕಾರಣಗಳೂ ಇದ್ದವು. ಯುವ ಸ್ಟ್ರೈಕರ್ ಶಿವಶಕ್ತಿ ನಾರಾಯಣನ್ ಮುಂಚೂಣಿಗೆ ಬಂದರು, ರಾಯ್ ಕೃಷ್ಣ ಜತೆ ಅವರ ಹೊಂದಾಣಿಕೆ ಕುದುರಿತು. ಸುನಿಲ್ ಚೆಟ್ರಿ ಕೆಲವು ಪಂದ್ಯಗಳಲ್ಲಿ ಬೆಂಚ್‌ನಿಂದ ಎದ್ದು ಬಂದು ಆಡಿದರು. ಮೊದಲ 12 ಪಂದ್ಯಗಳಲ್ಲಿ ಬರೀ 8 ಗೋಲು ಹೊಡೆದಿದ್ದ ತಂಡ ಕೊನೆಯ ಎಂಟರಲ್ಲಿ 19 ಗೋಲು ಬಾರಿಸಿತು. ಬಿಟ್ಟುಕೊಟ್ಟ ಗೋಲುಗಳು 17ರಿಂದ 6ಕ್ಕೆ ಇಳಿದವು.

ಒಳ್ಳೆಯ ಗೋಲ್‌ಕೀಪರ್, ಕಾರ್ನರ್ ಮತ್ತು ಫ್ರೀ ಕಿಕ್‌ಗಳಲ್ಲಿ ಪಳಗಿದ ಆಟಗಾರರು, ಕೊನೆಯ 20 ನಿಮಿಷಗಳಲ್ಲಿ ಹೊಸ ಹುರುಪು ತುಂಬಬಲ್ಲ ಬದಲಿ ಆಟಗಾರರು ಇರುವ ತಂಡ ಬಿಗಿ ಹಣಾಹಣಿಗಳನ್ನು ಹೆಚ್ಚು ಗೆಲ್ಲುತ್ತದೆ. 2025ರ ಫೆಬ್ರುವರಿ 23ರಂದು ಮೋಹನ್ ಬಾಗಾನ್ ಲೀಗ್ ಶೀಲ್ಡ್ ಖಚಿತಪಡಿಸಿಕೊಂಡಿದ್ದು ಒಡಿಶಾ ವಿರುದ್ಧ ಇಂಜುರಿ ಟೈಮ್‌ನಲ್ಲಿ ದಿಮಿತ್ರಿ ಪೆಟ್ರಾಟೋಸ್ ಹೊಡೆದ ಏಕೈಕ ಗೋಲಿನಿಂದ. ಅದು ಬರೀ ಅದೃಷ್ಟವಲ್ಲ. ಅಂಥ ಆಟಗಾರನನ್ನು ಬೆಂಚ್‌ನಲ್ಲಿ ಇರಿಸಿಕೊಳ್ಳುವ ಶಕ್ತಿ ಆ ಕ್ಲಬ್‌ಗೆ ಇತ್ತು.

ಆದರೂ ಬಿಗಿ ಪಂದ್ಯಗಳನ್ನು ಗೆಲ್ಲುವ ಗುಣ ಒಂದು ಋತುವಿನಿಂದ ಇನ್ನೊಂದಕ್ಕೆ ಹಾಗೇ ದಾಟಿ ಬರುತ್ತದೆ ಎನ್ನಲಾಗದು. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಲಿವರ್‌ಪೂಲ್ ಇದಕ್ಕೆ ಸಾಕ್ಷಿ. 2019-20ರಲ್ಲಿ ಆ ತಂಡ 99 ಅಂಕ ಗಳಿಸಿ ಚಾಂಪಿಯನ್ ಆಯಿತು. ಅದರ 32 ಗೆಲುವುಗಳಲ್ಲಿ 14 ಒಂದು ಗೋಲಿನ ಅಂತರದವು. ಮರುವರ್ಷ ಅದೇ ಕೋಚ್ ಯೂರ್ಗನ್ ಕ್ಲಾಪ್ ಅವರ ತಂಡ 69 ಅಂಕಗಳಿಗೆ ಕುಸಿದು ಮೂರನೇ ಸ್ಥಾನಕ್ಕೆ ಇಳಿಯಿತು. ವರ್ಜಿಲ್ ವಾನ್ ಡೈಕ್ ಗಾಯಗೊಂಡದ್ದು ದೊಡ್ಡ ಕಾರಣ. ಜತೆಗೆ ಹಿಂದಿನ ವರ್ಷ ತನ್ನ ಕಡೆ ವಾಲಿದ್ದ ಸಣ್ಣ ಅಂತರಗಳು ಈ ಬಾರಿ ವಾಲಲಿಲ್ಲ. ಅದಕ್ಕೂ ಹಿಂದಿನ ಋತುವಿನಲ್ಲಿ ಇದೇ ಲಿವರ್‌ಪೂಲ್ 97 ಅಂಕ ಗಳಿಸಿಯೂ 98 ಅಂಕಗಳ ಮ್ಯಾಂಚೆಸ್ಟರ್ ಸಿಟಿಗೆ ಪ್ರಶಸ್ತಿ ಬಿಟ್ಟುಕೊಟ್ಟಿತ್ತು. ಅವೆರಡರ ಮುಖಾಮುಖಿಯಲ್ಲಿ ಸಿಟಿಯ ಜಾನ್ ಸ್ಟೋನ್ಸ್ ಗೋಲು ಗೆರೆಯಿಂದ ಚೆಂಡನ್ನು ಹೊರಗಟ್ಟಿದಾಗ ಅದು ಪೂರ್ತಿ ಒಳಗೆ ಹೋಗಲು ಬಾಕಿ ಇದ್ದದ್ದು 11.7 ಮಿಲಿಮೀಟರ್. 38 ಪಂದ್ಯಗಳ ಲೀಗ್‌ನಲ್ಲೇ ಹೀಗಾದರೆ 13 ಪಂದ್ಯಗಳ ಲೀಗ್‌ನ ಗತಿಯೇನು?

ಒಂದು ಪಂದ್ಯದ ತೂಕ

ಲೆಕ್ಕ ಸರಳ. 24 ಪಂದ್ಯಗಳ ಋತುವಿನಲ್ಲಿ ಗಳಿಸಬಹುದಾದ ಗರಿಷ್ಠ ಅಂಕ 72. ಒಂದು ಪಂದ್ಯ ಎಂದರೆ ಅದರಲ್ಲಿ ಶೇ 4ರಷ್ಟು. 13 ಪಂದ್ಯಗಳಲ್ಲಿ ಗರಿಷ್ಠ 39 ಅಂಕ, ಒಂದು ಪಂದ್ಯದ ಪಾಲು ಸುಮಾರು ಶೇ 8. ಅಂದರೆ ಪ್ರತಿ ಪಂದ್ಯದ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗಿದೆ.

ಪೂರ್ಣ ಋತುಗಳಲ್ಲೇ ಐಎಸ್‌ಎಲ್ ಶೀಲ್ಡ್ ಎಷ್ಟು ಸಣ್ಣ ಅಂತರದಲ್ಲಿ ನಿರ್ಧಾರವಾಗಿದೆ ಎಂಬುದನ್ನು ಮುಂಬೈ ಅಭಿಮಾನಿಗಳು ಮರೆತಿರಲಾರರು. 2020-21ರಲ್ಲಿ ಮುಂಬೈ ಸಿಟಿ ಮತ್ತು ಎಟಿಕೆ ಮೋಹನ್ ಬಾಗಾನ್ ಎರಡೂ 40 ಅಂಕ ಗಳಿಸಿದವು. ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಎದುರಾಳಿಯನ್ನು 2-0ಯಿಂದ ಮಣಿಸಿದ ಮುಂಬೈ ಮುಖಾಮುಖಿ ಫಲಿತಾಂಶದ ಆಧಾರದಲ್ಲಿ ಶೀಲ್ಡ್ ಗೆದ್ದಿತು. ಅದರೊಂದಿಗೆ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ಗೂ ಅರ್ಹತೆ ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಅನ್ನು 2-1ರಿಂದ ಸೋಲಿಸಿ, ಆ ಟೂರ್ನಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು.

ಮೂರು ವರ್ಷಗಳ ಬಳಿಕ ಪಾತ್ರಗಳು ಅದಲುಬದಲಾದವು. 2024ರ ಏಪ್ರಿಲ್ 15ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮುಂಬೈಗೆ ಒಂದು ಡ್ರಾ ಸಾಕಿತ್ತು. ಮೋಹನ್ ಬಾಗಾನ್ 2-1ರಿಂದ ಗೆದ್ದು 48 ಅಂಕ ತಲುಪಿತು, ಮುಂಬೈ 47ರಲ್ಲೇ ಉಳಿಯಿತು. 22 ಪಂದ್ಯಗಳ ದುಡಿಮೆಯ ಫಲ ಒಂದು ಗೋಲಿನಲ್ಲಿ ಕೈಜಾರಿತು.

ಆ ಋತುಗಳಲ್ಲಿ ಪ್ರತಿ ತಂಡಕ್ಕೂ ಎದುರಾಳಿ ಜತೆ ಎರಡನೇ ಭೇಟಿ ಇತ್ತು. ಒಮ್ಮೆ ಸೋತರೆ ಇನ್ನೊಮ್ಮೆ ಸೇಡು ತೀರಿಸಿಕೊಳ್ಳಬಹುದಿತ್ತು. ಈ ಬಾರಿ ಅದಿಲ್ಲ. ಮೇಲಾಗಿ 13 ಬೆಸ ಸಂಖ್ಯೆ. ಹಾಗಾಗಿ ಯಾವ ತಂಡಕ್ಕೂ ತವರಿನ ಮತ್ತು ಹೊರಗಿನ ಪಂದ್ಯಗಳನ್ನು ಸಮನಾಗಿ ಹಂಚಲು ಸಾಧ್ಯವಿಲ್ಲ. ಬಲಿಷ್ಠ ಎದುರಾಳಿಯನ್ನು ಕಂಠೀರವದಲ್ಲಿ ಎದುರಿಸುವುದಕ್ಕೂ ಸಾಲ್ಟ್ ಲೇಕ್‌ನಲ್ಲಿ ಎದುರಿಸುವುದಕ್ಕೂ ಇರುವ ವ್ಯತ್ಯಾಸ ಒಂದು ಗೋಲಿನಷ್ಟಾದರೂ ಇರಬಹುದು. ವೇಳಾಪಟ್ಟಿ ಯಾರ ಪಾಲಿಗೆ ಏನು ತಂದಿತು ಎಂಬುದೂ ಅಂಕಪಟ್ಟಿಯ ಒಂದು ಭಾಗವಾಗಲಿದೆ.

ರೆಫರಿಯ ಒಂದು ಸೀಟಿ

ಅಂತರ ಸಣ್ಣದಾದಷ್ಟೂ ತೀರ್ಪುಗಳ ಭಾರ ದೊಡ್ಡದಾಗುತ್ತದೆ. ಐಎಸ್‌ಎಲ್‌ನಲ್ಲಿ ಇದುವರೆಗೆ ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್ ವ್ಯವಸ್ಥೆ ಜಾರಿಗೆ ಬಂದಿಲ್ಲ. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬಹುದು. ಬೆಂಗಳೂರು–ಕೇರಳ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಚೆಟ್ರಿ ತ್ವರಿತವಾಗಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ತಮ್ಮ ಆಟಗಾರರು ಸಿದ್ಧರಾಗಿರಲಿಲ್ಲ ಎಂದು ಪ್ರತಿಭಟಿಸಿ ಕೇರಳ ತಂಡ ಮೈದಾನದಿಂದ ಹೊರನಡೆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು.

ಆ ವರ್ಷ ಬೆಂಗಳೂರಿನ ಮುಂದಿನ ಹಾದಿಯೂ ಅಷ್ಟೇ ಕಿರಿದಾಗಿತ್ತು. ಸೆಮಿಫೈನಲ್‌ನಲ್ಲಿ ಮುಂಬೈ ವಿರುದ್ಧ ಎರಡು ಪಂದ್ಯಗಳ ಒಟ್ಟು ಗೋಲು 2-2, ಶೂಟೌಟ್‌ನಲ್ಲಿ 9-8ರ ಗೆಲುವು. ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ 2-2, ಶೂಟೌಟ್‌ನಲ್ಲಿ 3-4ರ ಸೋಲು.

ಮೈದಾನದ ಹೊರಗೂ ಒಂದು ಫಲಿತಾಂಶ ಲೀಗ್ ಅನ್ನೇ ಬದಲಿಸಬಲ್ಲದು. ಈ ಬಾರಿ ಐಎಸ್‌ಎಲ್‌ಗೆ ಬಡ್ತಿ ಪಡೆದಿರುವ ಇಂಟರ್ ಕಾಶಿ, ಕಳೆದ ಐ-ಲೀಗ್ ಮುಗಿದಾಗ 40 ಅಂಕಗಳ ಚರ್ಚಿಲ್ ಬ್ರದರ್ಸ್‌ಗಿಂತ ಒಂದು ಅಂಕ ಹಿಂದಿತ್ತು. ಕ್ರೀಡಾ ನ್ಯಾಯಮಂಡಳಿಯ ತೀರ್ಪುಗಳ ಬಳಿಕವಷ್ಟೇ, 2025ರ ಜುಲೈನಲ್ಲಿ, ಪ್ರಶಸ್ತಿ ಅದರ ಪಾಲಾಯಿತು.

ಅಂಕಪಟ್ಟಿಯನ್ನು ಓದುವುದು ಹೇಗೆ?

ಸಣ್ಣ ಋತುವಿನ ದೊಡ್ಡ ಅಪಾಯ ಇರುವುದು ಕ್ಲಬ್‌ಗಳ ಆಡಳಿತ ಕಚೇರಿಯಲ್ಲಿ. ಲೀಗ್ ಸ್ಥಗಿತಗೊಂಡಿದ್ದಾಗ ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯಬೇಕಾಗಿ ಬಂದಿತ್ತು. ಇಂಥ ಹಣಕಾಸಿನ ಬಿಕ್ಕಟ್ಟಿನಲ್ಲಿ ಯಾರ ಒಪ್ಪಂದ ಮುಂದುವರಿಸಬೇಕು, ಯಾವ ಕೋಚ್‌ಗೆ ಬೀಳ್ಕೊಡಬೇಕು ಎಂಬುದನ್ನು 13 ಪಂದ್ಯಗಳ ಅಂಕಪಟ್ಟಿ ನೋಡಿ ತೀರ್ಮಾನಿಸುವ ಆಮಿಷ ಹೆಚ್ಚು. 2022-23ರಲ್ಲಿ ಎಂಟು ಸೋಲುಗಳ ಬಳಿಕವೂ ಬೆಂಗಳೂರು ಕ್ಲಬ್ ಕೋಚ್ ಸೈಮನ್ ಗ್ರೇಸನ್ ಅವರನ್ನು ಉಳಿಸಿಕೊಂಡಿತು, ಅದರ ಫಲವನ್ನೂ ಉಂಡಿತು. ಆಗ ಎದುರಿಗೆ ಇನ್ನೂ ಎಂಟು ಪಂದ್ಯಗಳಿದ್ದವು ಎಂಬುದು ನಿಜ.

ಅಭಿಮಾನಿಗಳಿಗೂ ಒಂದು ಕಿವಿಮಾತು. ಅಂಕಗಳ ಜತೆಗೆ ಗೋಲು ವ್ಯತ್ಯಾಸದ ಕಡೆಗೂ ಕಣ್ಣಿಡಿ. ಐದಾರು ಪಂದ್ಯಗಳ ಬಳಿಕ ಮೇಲಿರುವ ತಂಡದ ಗೆಲುವುಗಳೆಲ್ಲ 1-0, 2-1 ಆಗಿದ್ದರೆ ಅದರ ಸ್ಥಾನ ಕಾಣುವಷ್ಟು ಭದ್ರವಲ್ಲ. ಕೆಳಗಿರುವ ತಂಡದ ಸೋಲುಗಳೂ ಹಾಗೆಯೇ ಇದ್ದರೆ ಅದು ಕಾಣುವಷ್ಟು ದುರ್ಬಲವೂ ಅಲ್ಲ. ಯಾರೊಂದಿಗೆ, ಎಲ್ಲಿ ಆಡಿತು ಎಂಬುದನ್ನೂ ಗಮನಿಸಿ.

ಇಷ್ಟೆಲ್ಲ ತಿಳಿದಿದ್ದರೂ ಅಂಕಪಟ್ಟಿಯೇನೂ ಬದಲಾಗದು. ಶೀಲ್ಡ್ ಸಿಗುವುದು ಹೆಚ್ಚು ಅಂಕ ಗಳಿಸಿದವರಿಗೇ, ಆ ಅಂಕಗಳು ಹೇಗೆ ಬಂದವು ಎಂದು ಯಾರೂ ಕೇಳುವುದಿಲ್ಲ. ಮೂರು ವರ್ಷಗಳ ಹಿಂದೆ ಬೆಂಗಳೂರು ತನ್ನ ಋತುವನ್ನು ಉಳಿಸಿಕೊಂಡಿದ್ದು 14ನೇ ಪಂದ್ಯದಿಂದ ಆಚೆಗೆ. ಈ ಬಾರಿ ಲೀಗ್‌ನಲ್ಲಿ 14ನೇ ಪಂದ್ಯವೇ ಇಲ್ಲ.