ಎಸಿಯ ಗ್ಯಾಸ್ ಸುಮ್ಮಸುಮ್ಮನೆ ಖಾಲಿಯಾಗಲ್ಲ

ಏಪ್ರಿಲ್ ಬಂತು ಅಂದ್ರೆ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತೆ: 'ಎಸಿ ತಂಪು ಕೊಡ್ತಿಲ್ಲ, ಗ್ಯಾಸ್ ತುಂಬಿಸೋಕೆ ಎಷ್ಟಾಗುತ್ತೆ?' ಎಸಿಗೆ ಏನಾಗಿದೆ ಅಂತ ಯಾರೂ ಕೇಳಲ್ಲ. ಕಾಯಿಲೆ ಯಾವುದು ಅಂತ ಗೊತ್ತಾಗೋ ಮೊದಲೇ ಇಂಜೆಕ್ಷನ್ ರೇಟು ವಿಚಾರಿಸಿದ ಹಾಗೆ.

ಎಸಿಯ ಗ್ಯಾಸ್ ಅಂದ್ರೆ ಅಡುಗೆಮನೆ ಸಿಲಿಂಡರಿನ ಗ್ಯಾಸ್ ಅಲ್ಲ. ಅದನ್ನ ಎಸಿ ಉರಿಸಲ್ಲ, ಅದು ಖರ್ಚಾಗಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಾ ಇರುತ್ತೆ. ಒಳಗಿನ ಕಾಯಿಲ್‌ನಲ್ಲಿ ಆವಿಯಾಗುವಾಗ ಕೋಣೆಯ ಬಿಸಿ ಹೀರಿಕೊಳ್ಳುತ್ತೆ, ಹೊರಗಿನ ಯೂನಿಟ್‌ನಲ್ಲಿ ಮತ್ತೆ ದ್ರವವಾಗುವಾಗ ಆ ಬಿಸಿಯನ್ನ ಹೊರಗೆ ಬಿಡುತ್ತೆ. ಅಂದ್ರೆ ಎಸಿ ತಂಪನ್ನ ತಯಾರು ಮಾಡೋ ಯಂತ್ರವಲ್ಲ, ಮನೆಯ ಬಿಸಿಯನ್ನ ಹೊತ್ತು ಆಚೆ ಹಾಕೋ ಕೂಲಿ. ಗ್ಯಾಸ್ ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರಿದೆ ಅಂತಲೇ ಅರ್ಥ. 'ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸ್ಬೇಕು ಸರ್' ಅನ್ನೋ ಮಾತಿಗೆ ಯಾವ ಆಧಾರವೂ ಇಲ್ಲ.

ಹೋದ ಬೇಸಿಗೆಯಲ್ಲಿ ಕಲಬುರಗಿಯಿಂದ ಅಮ್ಮ ಫೋನ್ ಮಾಡಿದ್ರು. 'ಗಾಳಿ ಬರ್ಲಿಕ್ಕತ್ತದ, ತಂಪ ಮಾತ್ರ ಇಲ್ಲ ನೋಡು.' ಟೆಕ್ನಿಷಿಯನ್ ಒಬ್ಬರು ಬಂದು, ಎಸಿಯ ಮುಚ್ಚಳವನ್ನೂ ತೆಗೆಯದೆ ಗ್ಯಾಸ್ ಹೋಗಿದೆ, 3,500 ರೂಪಾಯಿ ಆಗುತ್ತೆ ಅಂದಿದ್ರಂತೆ. ಹಣಕ್ಕಿಂತ ನನಗೆ ಚಿಂತೆ ಆಗಿದ್ದು ಅಜ್ಜಿಯದು. ಎಂಬತ್ತು ದಾಟಿದ ಜೀವ, ಆ ಕೋಣೆಯಲ್ಲೇ ಮಲಗೋದು. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, 42 ಡಿಗ್ರಿ ದಾಟೋದು ಅಲ್ಲಿ ಸುದ್ದಿಯೇ ಅಲ್ಲ.

ಲಾಗ್ ನೋಡದೆ ಬಗ್ ಫಿಕ್ಸ್ ಮಾಡಬಾರದು ಅಂತ ನಮ್ಮ ಕಡೆ ಹೇಳ್ತೀವಲ್ಲ, ಎಸಿಗೂ ಒಂದು ಲಾಗ್ ಇದೆ. ಕೋಣೆಯ ತಾಪಮಾನ ನೋಡೋ ಡಿಜಿಟಲ್ ಥರ್ಮಾಮೀಟರ್ ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತೆ. (ಜ್ವರ ನೋಡೋದು ಬೇಡ, ಅದರ ಅಳತೆಯೇ ಬೇರೆ.) ರಿಮೋಟ್‌ನಲ್ಲಿ ಕೂಲ್ ಮೋಡ್ ಇದೆಯಾ, ಫ್ಯಾನ್ ಮೋಡ್ ಆಗಿಲ್ಲ ತಾನೇ ಅಂತ ಮೊದಲು ನೋಡಿ. ನಗಬೇಡಿ, ಮಕ್ಕಳಿರೋ ಮನೆಯಲ್ಲಿ ಇದು ಆಗುತ್ತೆ. 18ಕ್ಕೆ ಇಟ್ಟು, ಫ್ಯಾನ್ ಜೋರು ಮಾಡಿ, ಹದಿನೈದು ನಿಮಿಷ ಓಡಿಸಿ. ಆಮೇಲೆ ಎಸಿ ಗಾಳಿ ಎಳೆದುಕೊಳ್ಳೋ ಮೇಲ್ಭಾಗದಲ್ಲಿ ಒಂದ್ಸಲ, ಗಾಳಿ ಬಿಡೋ ಬಾಯಿಯಲ್ಲಿ ಒಂದ್ಸಲ ಅಳೆಯಿರಿ. ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ರೆ ಎಸಿ ತನ್ನ ಕೆಲಸ ಮಾಡ್ತಿದೆ. ತೊಂದರೆ ಕೋಣೆಯಲ್ಲಿದೆ: ಬಾಗಿಲ ಸಂದು, ಮಧ್ಯಾಹ್ನ ಪೂರ್ತಿ ಕಾದ ತಾರಸಿ, ಅಥವಾ ಕೋಣೆಗೆ ಸಾಲದ ಎಸಿ. ಮಂಗಳೂರು, ಉಡುಪಿ ಕಡೆಯವರಿಗೆ ಈ ವ್ಯತ್ಯಾಸ ಸ್ವಲ್ಪ ಕಡಿಮೆ ಬರಬಹುದು. ಅಲ್ಲಿ ಗಾಳಿಯ ತೇವವನ್ನ ನೀರು ಮಾಡೋದರಲ್ಲೇ ಎಸಿಯ ಅರ್ಧ ಶಕ್ತಿ ಹೋಗುತ್ತೆ. ಡ್ರೈನ್ ಪೈಪಿನಿಂದ ನೀರು ಚೆನ್ನಾಗಿ ಬರ್ತಿದ್ರೆ ಗಾಬರಿ ಬೇಡ.

ನಮ್ಮ ಮನೆಯಲ್ಲಿ ಬಂದಿದ್ದು 5 ಡಿಗ್ರಿ. ವಿಡಿಯೋ ಕಾಲ್‌ನಲ್ಲಿ ಅಮ್ಮ ಫಿಲ್ಟರ್ ತೆಗೆದು ತೋರಿಸಿದ್ರು, ಧೂಳಿನ ಕಂಬಳಿ. ತೊಳೆದು, ನೆರಳಲ್ಲಿ ಒಣಗಿಸಿ ಹಾಕಿದ ಮೇಲೆ 7. ಇನ್ನೂ ಸಾಲದು. 'ತಾರಸಿಗೆ ಹೋಗಿ ಹೊರಗಿನ ಯೂನಿಟ್ ತೋರಿಸಿ' ಅಂದೆ.

ಅಲ್ಲಿ ಅಪ್ಪನ ಪ್ರೀತಿ ಕಾಣಿಸ್ತು. ಪಾಪ, ಯಂತ್ರದ ಮೇಲೆ ಬಿಸಿಲು ಬೀಳಬಾರದು ಅಂತ ಮೂರೂ ಕಡೆ ತಗಡು ಹೊಡೆಸಿ ಒಂದು ಪುಟ್ಟ ಗುಡಿ ಕಟ್ಟಿಸಿದ್ರು. ನೆರಳೇನೋ ಒಳ್ಳೆಯದೇ. ಆದರೆ ಯೂನಿಟ್ ಉಗುಳಿದ ಬಿಸಿ ಗಾಳಿ ತಗಡಿಗೆ ಬಡಿದು ವಾಪಸ್ ಅದರ ಹಿಂಭಾಗಕ್ಕೇ ಹೋಗ್ತಿತ್ತು. ಸಾಮಾನ್ಯವಾಗಿ ಎಸಿಯ ಸಾಮರ್ಥ್ಯವನ್ನ ಹೊರಗೆ 35 ಡಿಗ್ರಿ ಇದೆ ಅಂತಿಟ್ಟುಕೊಂಡು ಅಳೆದಿರ್ತಾರೆ. ಹೊರಗಿನ ಬಿಸಿ ಏರಿದಷ್ಟೂ ಅದರ ಕೆಲಸ ಕುಗ್ಗುತ್ತೆ, ಕರೆಂಟು ಜಾಸ್ತಿ ತಿನ್ನುತ್ತೆ. ಕಲಬುರಗಿಯ 42 ಡಿಗ್ರಿಯೇ ಕಷ್ಟ, ಆ ಗುಡಿಯೊಳಗೆ ಇನ್ನೂ ಎಷ್ಟಿತ್ತೋ. ಪಕ್ಕದ ತಗಡು ಬಿಚ್ಚಿಸಿ, ಮೇಲಿನದನ್ನ ಮಾತ್ರ ಎತ್ತರಿಸಿದ್ವಿ. ಸ್ವಿಚ್ ಅಲ್ಲ, ಎಂಸಿಬಿಯನ್ನೇ ಆಫ್ ಮಾಡಿಸಿ, ರೆಕ್ಕೆಗಳ ಧೂಳನ್ನ ಪೈಪಿನ ನಿಧಾನ ನೀರಲ್ಲಿ ತೊಳೆಸಿದ್ವಿ. ಜೋರು ಪ್ರೆಷರ್ ಬಿಟ್ರೆ ಆ ತೆಳು ರೆಕ್ಕೆಗಳು ಮಡಚಿಕೊಳ್ತವೆ. ಸಂಜೆ ಅಳೆದಾಗ 11. ರಾತ್ರಿ ಅಜ್ಜಿ ಚಾದರ ಕೇಳಿದ್ರಂತೆ.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ತಗಡಿನ ಬದಲು ಬೇರೆ ಇರುತ್ತೆ. ಪಾರಿವಾಳದ ಬಲೆ, ಒಣಗೋಕೆ ಹಾಕಿದ ಬೆಡ್‌ಶೀಟು, ಯುಟಿಲಿಟಿಯಲ್ಲಿ ಯೂನಿಟ್‌ಗೆ ಒರಗಿಸಿಟ್ಟ ಹಳೇ ಸೂಟ್‌ಕೇಸು. ಕಥೆ ಅದೇ.

ಹಾಗಂತ ಗ್ಯಾಸ್ ಸೋರೋದೇ ಇಲ್ಲ ಅಂತಲ್ಲ. ಫಿಲ್ಟರ್, ಹೊರಗಿನ ಯೂನಿಟ್ ಎರಡೂ ಚೊಕ್ಕವಾಗಿದ್ದು, ಫ್ಯಾನು ಕಂಪ್ರೆಸರ್ ಎರಡೂ ಓಡ್ತಿದ್ದು, ಆದರೂ ವ್ಯತ್ಯಾಸ ಮೇಲೇರದಿದ್ರೆ ಅನುಮಾನ ಪಡಬೇಕು. ಒಳಗಿನ ಕಾಯಿಲ್‌ನ ಒಂದು ಭಾಗಕ್ಕೆ ಮಾತ್ರ ಮಂಜು ಕಟ್ಟೋದು, ಪೈಪ್ ಸೇರೋ ಜಾಗದಲ್ಲಿ ಎಣ್ಣೆಯ ಜಿಡ್ಡು ಕಾಣೋದು, ಇವು ಗುರುತು. ಕಾಯಿಲ್ ಪೂರ್ತಿ ಮಂಜಾದ್ರೆ ಫಿಲ್ಟರ್ ಕಟ್ಟಿರೋ ಸಾಧ್ಯತೆಯೇ ಹೆಚ್ಚು. ಹೊರಗಿನ ಫ್ಯಾನ್ ತಿರುಗುತ್ತೆ ಆದರೆ ಕಂಪ್ರೆಸರ್ ಸದ್ದೇ ಇಲ್ಲ, ಅದೂ ಇನ್ವರ್ಟರ್ ಅಲ್ಲದ ಹಳೇ ಎಸಿ ಅಂದ್ರೆ, ಬಹಳ ಸಲ ಹೋಗಿರೋದು ಕೆಪ್ಯಾಸಿಟರ್. ಅದು ಕೆಲವು ನೂರು ರೂಪಾಯಿಯ ವಸ್ತು. ಆದರೆ ಅದನ್ನ ನೀವು ಮುಟ್ಟಬೇಡಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ.

ಗ್ಯಾಸ್ ಹಾಕಿಸಲೇಬೇಕು ಅಂತಾದ್ರೆ, ಬಂದವರನ್ನ ಒಂದೇ ಪ್ರಶ್ನೆ ಕೇಳಿ: 'ಸೋರ್ತಿರೋದು ಎಲ್ಲಿ, ತೋರಿಸ್ತೀರಾ?' ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡೋದು ಹಳೇ, ಸರಿಯಾದ ವಿಧಾನ. ಸೋರೋ ಜಾಗ ಸರಿ ಮಾಡಿ, ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಗಾಳಿ ತೇವ ಎಲ್ಲ ತೆಗೆದು, ಆಮೇಲೆ ಗ್ಯಾಸನ್ನ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್‌ನ ಪಟ್ಟಿಯಲ್ಲೇ ಅಚ್ಚಾಗಿರುತ್ತೆ, ಯಾವ ಗ್ಯಾಸ್ ಅನ್ನೋದೂ. ಆರ್-32 ಇರೋ ಎಸಿಗೆ 'ಇದೂ ನಡೆಯುತ್ತೆ' ಅಂತ ಆರ್-22 ಹಾಕೋರನ್ನ ಬಾಗಿಲಿಂದಲೇ ಕಳಿಸಿ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳೋ ಗುಣದ್ದು, ಹಾಗಾಗಿ ಆ ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ಪಕ್ಕದಲ್ಲಿ ಒಲೆ, ಸಿಗರೇಟು ಬೇಡ. ಯೂನಿಟ್ ಮೂರನೇ ಮಹಡಿಯ ಗೋಡೆಗೆ ನೇತಾಡ್ತಿದ್ರೆ, ಕೈಗೆ ಸಿಗೋ ಫಿಲ್ಟರ್ ಮಾತ್ರ ನಿಮ್ಮದು. ಹೊರಗಿನದನ್ನ ಬೆಲ್ಟ್ ಕಟ್ಟಿಕೊಂಡು ಬರೋ ತಂಡಕ್ಕೇ ಬಿಡಿ.