ನಿಯಮವೂ ನಿಮಿತ್ತವೂ: ಒಂದು ದ್ರವಲೋಹದ ಪ್ರಸಂಗ

ವ್ಯಾಕರಣ, ಛಂದಸ್ಸುಗಳಲ್ಲಿ ಆಯುಸ್ಸಿನ ಬಹುಭಾಗವನ್ನು ಕಳೆದ ಕನ್ನಡ ಪಂಡಿತನೊಬ್ಬನು ರಸಾಯನಶಾಸ್ತ್ರದ ವಿಷಯವನ್ನೆತ್ತಿಕೊಂಡರೆ ವಾಚಕ ಮಹಾಶಯರಿಗೆ ಅಚ್ಚರಿಯಾಗುವುದು ಸಹಜ. ಕಾರಣವಿಷ್ಟೆ: ನಮ್ಮ ವಿಜ್ಞಾನದ ಅಧ್ಯಾಪಕರೊಬ್ಬರು ಪ್ರಯೋಗಾಲಯದ ಗೋಡೆಗೆ ತೂಗುಹಾಕಲು ಎಚ್ಚರಿಕೆಯ ಮಾತುಗಳನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡಬೇಕೆಂದು ಕೇಳಿದರು. "ಸೋಡಿಯಂ, ಪೊಟ್ಯಾಸಿಯಂಗಳನ್ನು ಸೀಮೆಎಣ್ಣೆಯಲ್ಲಿಯೇ ಇರಿಸತಕ್ಕದ್ದು" ಎಂಬುದು ಮೊದಲ ವಾಕ್ಯ. ಏಕೆಂದು ಕೇಳಿದೆ. ಅವರು ಹೇಳಿದ್ದನ್ನು ಕೇಳುತ್ತ, ಆಮೇಲೆ ನಾನೇ ಓದುತ್ತ ಹೋದಾಗ ದೊರೆತದ್ದು ಆ ಎರಡೂ ಲೋಹಗಳು ಕೂಡಿದ ದ್ರವ ಮಿಶ್ರಲೋಹದ ವೃತ್ತಾಂತ. ರಸಾಯನಜ್ಞರು ಎರಡರ ಸಂಕೇತಾಕ್ಷರಗಳನ್ನು ಜೋಡಿಸಿ ಅದನ್ನು 'ನ್ಯಾಕ್' ಎನ್ನುತ್ತಾರೆ.

1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿಯು ವಿದ್ಯುತ್ತಿನ ಬಲದಿಂದ ಈ ಎರಡು ಲೋಹಗಳನ್ನೂ ಪ್ರತ್ಯೇಕಿಸಿದನು. ಸೋಡಿಯಂ ಕರಗುವುದು ಸುಮಾರು 98 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ, ಪೊಟ್ಯಾಸಿಯಂ ಕರಗುವುದು ಸುಮಾರು 63ರಲ್ಲಿ. ಆದರೆ ನೂರು ಭಾಗದಲ್ಲಿ 77 ಭಾಗ ಪೊಟ್ಯಾಸಿಯಂ, 23 ಭಾಗ ಸೋಡಿಯಂ ಬೆರೆತರೆ ಹುಟ್ಟುವ ಮಿಶ್ರಲೋಹವು ಶೂನ್ಯಕ್ಕಿಂತ 12.6 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಉಳಿಯುತ್ತದೆ. ಅಕಾರಕ್ಕೆ ಇಕಾರ ಪರವಾದರೆ ಎರಡೂ ಹೋಗಿ ಏಕಾರ ಬರುವ ಗುಣಸಂಧಿಯನ್ನು ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಎರಡು ಘನಗಳು ಕೂಡಿ ದ್ರವವಾಗುವ ಈ ಸಂಧಿ ಬಹಳ ಹಿಡಿಸಿತು. ನೋಡುವುದಕ್ಕೆ ಪಾದರಸದಂತೆ ಹೊಳೆಯುವುದಾದರೂ ಇದು ನೀರಿಗಿಂತ ಹಗುರ. ನೀರು ಸೋಕಿತೋ, ಜಲಜನಕ ಹೊರಟು ಹೊತ್ತಿಕೊಳ್ಳುತ್ತದೆ.

ಇಂತಹ ಉಗ್ರವಸ್ತುವಿನಿಂದ ಪ್ರಯೋಜನವೇನು? ಈಥರ್ ಮುಂತಾದ ದ್ರಾವಕಗಳಲ್ಲಿ ಉಳಿದಿರುವ ನೀರಿನ ಲವಲೇಶವನ್ನೂ ತೆಗೆಯಲು ರಸಾಯನಜ್ಞರು ಸೋಡಿಯಂ ಬಳಸುವುದುಂಟು. ಆದರೆ ಘನ ಸೋಡಿಯಂ ತುಂಡಿನ ಮೈಮೇಲೆ ಬೇಗನೆ ಹೊರೆಗಟ್ಟಿ ಒಳಗಿನ ಲೋಹ ನಿರುಪಯೋಗಿಯಾಗುತ್ತದೆ. ದ್ರವಲೋಹವಾದರೆ ಅಲುಗಿದಾಗಲೆಲ್ಲ ಹೊಸ ಮೈ ತೆರೆಯುತ್ತದೆ, ಕಡೆಯ ತೊಟ್ಟು ನೀರನ್ನೂ ಹುಡುಕಿ ತಿನ್ನುತ್ತದೆ. ಬೆಂಜೋಫಿನೋನ್ ಎಂಬ ವಸ್ತುವನ್ನು ಜೊತೆಗೆ ಹಾಕಿದ್ದರೆ ದ್ರಾವಕ ಪೂರ್ಣ ಒಣಗಿದೊಡನೆ ಗಾಢ ನೀಲಿಯ ಬಣ್ಣ ಏರುತ್ತದೆಯಂತೆ. ಕೆಲಸ ಮುಗಿಯಿತೆಂದು ವಸ್ತುವೇ ಬಾಯಿಬಿಟ್ಟು ಹೇಳಿದ ಹಾಗೆ!

ಎಂಜಿನಿಯರುಗಳಿಗೆ ಬೇಕಾದದ್ದು ಇದರ ಉಷ್ಣವಾಹಕ ಗುಣ. ವೇಗದ ನ್ಯೂಟ್ರಾನುಗಳಿಂದ ನಡೆಯುವ ಪರಮಾಣು ರಿಯಾಕ್ಟರಿಗೆ ನೀರು ಶೀತಕವಾಗಲಾರದು, ಅದು ನ್ಯೂಟ್ರಾನುಗಳ ವೇಗವನ್ನು ಕುಗ್ಗಿಸುತ್ತದೆ. ಅಮೆರಿಕದ ಐಡಹೋ ಪ್ರಾಂತದಲ್ಲಿ 1951ರ ಡಿಸೆಂಬರ್ 20ರಂದು ಪರಮಾಣುಶಕ್ತಿಯಿಂದ ಹುಟ್ಟಿದ ವಿದ್ಯುತ್ತು ನಾಲ್ಕು ದೀಪಗಳನ್ನು ಬೆಳಗಿಸಿದಾಗ, ರಿಯಾಕ್ಟರಿನ ಗರ್ಭದಿಂದ ಶಾಖವನ್ನು ಹೊತ್ತು ತಂದದ್ದು ಈ ಮಿಶ್ರಲೋಹವೇ. 785 ಡಿಗ್ರಿಯವರೆಗೂ ಕುದಿಯದ ಕಾರಣ ಕೊಳವೆಗಳಲ್ಲಿ ಹೆಚ್ಚಿನ ಒತ್ತಡದ ಭಯವಿಲ್ಲ. ವಿದ್ಯುದ್ವಾಹಕವಾದ್ದರಿಂದ ತಿರುಗುವ ಭಾಗವೇ ಇಲ್ಲದ ವಿದ್ಯುತ್ಕಾಂತೀಯ ಪಂಪಿನಿಂದ ಇದನ್ನು ನೂಕಬಹುದು. 1965ರಲ್ಲಿ ಅಮೆರಿಕವು ಅಂತರಿಕ್ಷಕ್ಕೆ ಹಾರಿಸಿ 43 ದಿನ ನಡೆಸಿದ ರಿಯಾಕ್ಟರಿನಲ್ಲಿಯೂ ಇದೇ ಶೀತಕ. ನಮ್ಮ ದೇಶದ ಕಲ್ಪಾಕ್ಕಂನಲ್ಲಿ 1985ರಲ್ಲಿ ಚಾಲನೆಗೊಂಡ ರಿಯಾಕ್ಟರಿಗೆ ಮಾತ್ರ ಸೋಡಿಯಂ ಒಂದನ್ನೇ ಶೀತಕವಾಗಿ ಆರಿಸಿದರು. ಅದು ಹೆಪ್ಪುಗಟ್ಟದಂತೆ ಕೊಳವೆಗಳನ್ನು ಕಾಯಿಸುತ್ತಲೇ ಇರಬೇಕು. ಆದರೆ ಪೊಟ್ಯಾಸಿಯಂನ ಉಪದ್ರವ ಅಲ್ಲಿಲ್ಲ.

ಆ ಉಪದ್ರವವೇ ನನ್ನ ಲೇಖನಕ್ಕೆ ನಿಮಿತ್ತ. ಪೊಟ್ಯಾಸಿಯಂ ಗಾಳಿಯ ಆಮ್ಲಜನಕವನ್ನು ಹೀರಿ ಸೂಪರಾಕ್ಸೈಡ್ ಎಂಬ ಹಳದಿ ಹೊರೆಯನ್ನು ಕಟ್ಟಿಕೊಳ್ಳುತ್ತದೆ. ಈ ಹೊರೆ ಎಣ್ಣೆಯೊಡನೆ ಬೆರೆತಿರುವಾಗ ಅದನ್ನು ಕೆದಕಿದರೆ ಸಿಡಿಯಬಲ್ಲುದು. 1999ರ ಡಿಸೆಂಬರ್ 8ರಂದು ಅಮೆರಿಕದ ಓಕ್ ರಿಡ್ಜಿನ ವೈ-12 ಕಾರ್ಖಾನೆಯಲ್ಲಿ ಸೋರಿದ್ದ ನ್ಯಾಕ್ ಮೇಲೆ ಖನಿಜತೈಲವನ್ನು ಚಿಮುಕಿಸಿ ಸ್ವಚ್ಛಗೊಳಿಸಲು ಹೋದಾಗ ಸ್ಫೋಟವಾಗಿ ಕೆಲಸಗಾರರು ಗಾಯಗೊಂಡರು. ಎಣ್ಣೆಯು ಲೋಹವನ್ನು ಗಾಳಿಯಿಂದ ಕಾಪಾಡುತ್ತದೆಂಬ ನಿಯಮ ಸುಳ್ಳಲ್ಲ. ಹೊರೆಗಟ್ಟಿದ ಮೇಲೆ ಅದೇ ಎಣ್ಣೆ ಶತ್ರುವಾಗುತ್ತದೆ. ಈ ಅಪಾಯ ರಸಾಯನಜ್ಞರ ಗ್ರಂಥಗಳಲ್ಲಿ ಮೊದಲೇ ದಾಖಲಾಗಿತ್ತೆಂಬುದು ಇನ್ನೂ ಖೇದಕರ. ಸ್ಕಾಟ್ಲೆಂಡಿನ ಡೌನ್‌ರೇ ಎಂಬಲ್ಲಿ 1977ರಲ್ಲಿ ಕಸದ ಆಳ ಬಾವಿಯೊಂದಕ್ಕೆ ಎಸೆದಿದ್ದ ಸೋಡಿಯಂ, ಪೊಟ್ಯಾಸಿಯಂಗಳು ಅಲ್ಲಿ ನಿಂತಿದ್ದ ನೀರಿನೊಡನೆ ಕೂಡಿ ಸ್ಫೋಟಿಸಿದ್ದೂ ಉಂಟು. ನೀರು ಸೋಕಬಾರದೆಂಬುದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ?

ನಾನು ಬಾಲ್ಯದಲ್ಲಿ ಅಮರಕೋಶವನ್ನು ಅರ್ಥ ತಿಳಿಯದೆ ಕಂಠಪಾಠ ಮಾಡಿದವನು. ಅರ್ಥವು ಹತ್ತು ವರ್ಷ ತಡವಾಗಿ ಬಂದಿತು, ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಆದ್ದರಿಂದ ಕಂಠಪಾಠವನ್ನು ಹಳಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಪ್ರಯೋಗಾಲಯದಲ್ಲಿ ಅರ್ಥವು ತಡವಾಗಿ ಬರುವಂತಿಲ್ಲ. ಅಲ್ಲಿ ನಿಯಮದೊಡನೆ ಅದರ ಕಾರಣವೂ, ಆ ನಿಯಮ ಎಲ್ಲಿ ಮುರಿಯುತ್ತದೆಂಬುದೂ ಹುಡುಗನಿಗೆ ತಿಳಿಯುವ ಮಾತಿನಲ್ಲಿಯೇ ಇರಬೇಕು. ಇಂಗ್ಲಿಷಿನ ಚೀಟಿ ಸಾಲದೇ ಎನ್ನುವ ಮಿತ್ರರಿದ್ದಾರೆ. ಪರೀಕ್ಷೆಗೆ ಸಾಕು. ಕೈಯಲ್ಲಿ ಚಾಕು ಹಿಡಿದು ಸೀಸೆಯ ಮುಂದೆ ನಿಂತವನಿಗೆ ಸಾಲದು.

ಶಾಲೆಗಳಲ್ಲಿ ನ್ಯಾಕ್ ಎಲ್ಲಿಂದ ಬಂತು ಎಂದು ಕೇಳಬಹುದು. ಇರುವುದಿಲ್ಲ, ಇರಲೂ ಕೂಡದು. ಆದರೆ ಯಾವುದೋ ಕಾಲದಲ್ಲಿ ತರಿಸಿದ ಪೊಟ್ಯಾಸಿಯಂ ಸೀಸೆಯು ಅರ್ಧ ಆರಿದ ಸೀಮೆಎಣ್ಣೆಯೊಡನೆ ಕಪಾಟಿನ ಹಿಂದೆ ಕುಳಿತಿರುವ ಶಾಲೆಗಳು ಇರಬಹುದು. ಅದರೊಳಗಿನ ತುಂಡಿನ ಮೇಲೆ ಹಳದಿ ಹೊರೆ ಕಂಡರೆ ಕತ್ತರಿಸುವುದಿರಲಿ, ಮುಟ್ಟಲೂ ಬಾರದು. ತಿಳಿದವರನ್ನು ಕರೆಸಿ ವಿಲೇವಾರಿ ಮಾಡಿಸಬೇಕು. ಉಪಾಧ್ಯಾಯ ಬಂಧುಗಳು ಇದನ್ನು ಓದಿದ ದಿನವೇ ಕಪಾಟು ನೋಡಬೇಕೆಂದೂ, ಹೊಸ ಉಪಕರಣಗಳನ್ನು ಕೊಡಿಸುವ ದಾನಿಗಳು ಹಳೆಯ ಸೀಸೆಗಳನ್ನು ಸಾಗಿಸುವ ವೆಚ್ಚವನ್ನೂ ದಾನವೆಂದೇ ಎಣಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಆ ವೆಚ್ಚಕ್ಕೆ ಹೆಸರಿನ ಕಲ್ಲು ಹಾಕಿಸಲು ಆಗದೆಂಬುದನ್ನು ಬಲ್ಲೆ.

ಅಧ್ಯಾಪಕರು ನನ್ನಿಂದ ಒಂದು ವಾಕ್ಯ ಬಯಸಿದ್ದರು, ನಾನು ಏಳು ಬರೆದುಕೊಟ್ಟೆ: ಎಣ್ಣೆ ಏಕೆ, ಹಳದಿ ಹೊರೆ ಎಂದರೇನು, ಅದನ್ನು ಕಂಡಾಗ ಏನು ಮಾಡಬಾರದು, ಬೆಂಕಿಗೆ ನೀರಿನ ಬದಲು ಒಣಮರಳು ಏಕೆ, ಇತ್ಯಾದಿ. ಫಲಕ ದೊಡ್ಡದಾಯಿತೆಂದು ಅವರು ತಲೆ ಕೆರೆದುಕೊಂಡರು. ಗೋಡೆಯ ಮೇಲೆ ಸ್ಥಳ ಬೇಕಾದಷ್ಟಿದೆ ಎಂದೆ.